ಪದದ ಅರ್ಥ ಗೊತ್ತು, ಮಾತಿನ ಅರ್ಥ? ಇಂಗ್ಲಿಷ್ ನುಡಿಗಟ್ಟುಗಳ ಒಳಹೊರಗು

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಗೈಡುಗಳ ಕೊನೆಯ ಪುಟಗಳಲ್ಲಿ ನುಡಿಗಟ್ಟುಗಳ ಪಟ್ಟಿ ಇರುವುದು ವಾಡಿಕೆ. ಎಡಗಡೆ ‘ಆ್ಯಪಲ್ ಆಫ್ ಒನ್ಸ್ ಐ’ ಎಂದಿದ್ದರೆ ಬಲಗಡೆ ‘ಬಹಳ ಪ್ರೀತಿಪಾತ್ರ’ ಎಂದಿರುತ್ತದೆ. ಎಡಗಡೆ ‘ಅಟ್ ದಿ ಇಲೆವೆಂತ್ ಅವರ್’ ಎಂದಿದ್ದರೆ ಬಲಗಡೆ ‘ಕೊನೆಯ ಗಳಿಗೆಯಲ್ಲಿ’. ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯಲ್ಲಿ ಅಂಕ ಸಿಕ್ಕೇ ಸಿಗುತ್ತದೆ. ಆದರೆ ಮುಂದೆ ಕಚೇರಿಯ ಇ-ಮೇಲ್ ಓದುವಾಗ, ವಿದೇಶದ ಸಹೋದ್ಯೋಗಿಯೊಡನೆ ಫೋನಿನಲ್ಲಿ ಮಾತನಾಡುವಾಗ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಬಿಡಿಸಿ ಓದುವಾಗ ಈ ಪಟ್ಟಿಯಿಂದ ಸಿಗುವ ನೆರವು ಅಷ್ಟಕ್ಕಷ್ಟೆ. ನುಡಿಗಟ್ಟು ಯಾವ ಕಸುಬಿನ ಜನರ ಬಾಯಲ್ಲಿ ಹುಟ್ಟಿತು, ಇಂದು ಅದನ್ನು ಯಾರು, ಯಾರಿಗೆ, ಯಾವ ಧಾಟಿಯಲ್ಲಿ ಹೇಳುತ್ತಾರೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅಷ್ಟು ತಿಳಿಯದೆ ಅರ್ಥವೊಂದನ್ನೇ ಹಿಡಿದುಕೊಂಡರೆ ಮಾತು ದಾರಿ ತಪ್ಪುತ್ತದೆ.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ ತೊಡಕೇನೂ ಅಲ್ಲ. ‘ಅವನು ನನಗೆ ಕೈಕೊಟ್ಟ’ ಎಂದು ಕನ್ನಡಿಗರು ಹೇಳಿದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದು ಅರ್ಥ. ಅದೇ ಎರಡು ಪದಗಳನ್ನು ಜೋಡಿಸಿ ಇಂಗ್ಲಿಷಿನವರು ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು ಎಂದಾಗುತ್ತದೆ. ಸಭೆಯಲ್ಲಿ ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದು. ಕೈಯೂ ಒಂದೇ, ಕೊಡುವುದೂ ಒಂದೇ, ಆದರೆ ಫಲ ತದ್ವಿರುದ್ಧ. ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಇಡೀ ಮಾತಿನ ಅರ್ಥ ಬಾರದೆ ಇರುವುದೇ ನುಡಿಗಟ್ಟಿನ ಮೊದಲ ಲಕ್ಷಣ.

ಎರಡನೆಯ ಲಕ್ಷಣ ಅದರ ಬಿಗಿತ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿಯೇ ಇದು ಸೇರಿದೆ. ಇದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಸಾವು ಮಾಯವಾಗಿ, ನಿಜವಾಗಿಯೂ ಯಾರೋ ಬಕೆಟ್ಟನ್ನು ಒದ್ದರು ಎಂಬಷ್ಟೇ ಉಳಿಯುತ್ತದೆ. ಆದರೆ ಗುಟ್ಟು ಬಿಟ್ಟುಕೊಡುವುದಕ್ಕೆ ಹೇಳುವ ‘ಸ್ಪಿಲ್ ದ ಬೀನ್ಸ್’ ಎಂಬುದನ್ನು ಹೀಗೆ ತಿರುಗಿಸಿದರೂ ಅರ್ಥ ಕೆಡುವುದಿಲ್ಲ. ಭಾಷಾವಿಜ್ಞಾನಿಗಳಾದ ನನ್‌ಬರ್ಗ್, ಸ್ಯಾಗ್ ಮತ್ತು ವಾಸೋ 1994ರ ತಮ್ಮ ಪ್ರಬಂಧದಲ್ಲಿ ಇದರ ಕಾರಣವನ್ನು ಚೆನ್ನಾಗಿ ಬಿಡಿಸಿಟ್ಟರು: ಎರಡನೆಯದರಲ್ಲಿ ‘ಚೆಲ್ಲುವುದು’ ಹೊರಗೆಡಹುವುದಕ್ಕೂ ‘ಬೀನ್ಸ್’ ಗುಟ್ಟಿಗೂ ಒಂದಕ್ಕೊಂದು ಸರಿಹೊಂದುತ್ತವೆ, ಮೊದಲನೆಯದರಲ್ಲಿ ಬಕೆಟ್ಟು ಸಾವಿನ ಯಾವ ಭಾಗಕ್ಕೂ ಹೊಂದುವುದಿಲ್ಲ. ಎಂದರೆ ಎಲ್ಲ ನುಡಿಗಟ್ಟುಗಳೂ ಸಮಾನವಾಗಿ ಬಿಗಿಯಾಗಿಲ್ಲ. ಕೆಲವನ್ನು ಒಳಗಿನಿಂದ ಬಿಡಿಸಬಹುದು, ಕೆಲವನ್ನು ಇಡಿಯಾಗಿಯೇ ನುಂಗಬೇಕು.

ಹೀಗೆ ಬಿಡಿಸಬಹುದಾದವುಗಳಲ್ಲಿ ನನಗೆ ಅತ್ಯಂತ ಸಮೃದ್ಧವೆನಿಸುವುದು ಹಾಯಿಹಡಗಿನಿಂದ ಇಳಿದು ಬಂದ ಮಾತುಗಳು. ಇಂಗ್ಲೆಂಡು ಶತಮಾನಗಳ ಕಾಲ ಕಡಲನ್ನೇ ನಂಬಿ ಬದುಕಿದ ದೇಶ. ನಮ್ಮ ನುಡಿಗಟ್ಟುಗಳಲ್ಲಿ ನೇಗಿಲು, ಕಣ, ಎತ್ತು ಹೇಗೆ ತುಂಬಿವೆಯೋ ಅಲ್ಲಿ ಹಗ್ಗ, ಹಾಯಿ, ಗಾಳಿ ಹಾಗೆ ತುಂಬಿವೆ. ‘ಬೈ ಆ್ಯಂಡ್ ಲಾರ್ಜ್’ ಎಂಬ ಮಾತನ್ನು ನಾವೆಲ್ಲರೂ ‘ಒಟ್ಟಾರೆಯಾಗಿ’ ಎಂಬರ್ಥದಲ್ಲಿ ದಿನವೂ ಓದುತ್ತೇವೆ, ಆದರೆ ‘ಬೈ’ ಎಂಬುದಕ್ಕೂ ‘ಲಾರ್ಜ್’ ಎಂಬುದಕ್ಕೂ ಏನು ಸಂಬಂಧ ಎಂದು ಕೇಳಿದರೆ ಇಂಗ್ಲಿಷಿನವರೇ ತಡವರಿಸುತ್ತಾರೆ. 17ನೆಯ ಶತಮಾನದ ನಾವಿಕರ ಬಾಯಲ್ಲಿ ‘ಬೈ’ ಎಂದರೆ ಬೀಸುವ ಗಾಳಿಗೆ ಸಾಧ್ಯವಾದಷ್ಟು ಎದುರಾಗಿ ಹಡಗು ನಡೆಸುವುದು, ‘ಲಾರ್ಜ್’ ಎಂದರೆ ಗಾಳಿಯನ್ನು ಹಿಂದಿನಿಂದ ತುಂಬಿಕೊಂಡು ಸಾಗುವುದು. ಎರಡೂ ಬಗೆಯಲ್ಲಿ ಸರಾಗವಾಗಿ ಸಾಗುವ ಹಡಗು ಎಲ್ಲ ಪರಿಸ್ಥಿತಿಗೂ ಒಗ್ಗುವಂಥದ್ದು. ‘ಎಲ್ಲ ಪರಿಸ್ಥಿತಿಯಲ್ಲೂ’ ಎಂಬುದು ಸವೆದು ಸವೆದು ‘ಒಟ್ಟಿನಲ್ಲಿ’ ಆಯಿತು.

‘ಟೇಕನ್ ಅಬ್ಯಾಕ್’ ಎಂದರೆ ತಬ್ಬಿಬ್ಬಾಗುವುದು ಎಂದು ಗೈಡು ಹೇಳುತ್ತದೆ, ಸರಿಯೇ. ಆದರೆ ಅದರ ಹಿಂದಿನ ಚಿತ್ರ ತಿಳಿದರೆ ಎಲ್ಲಿ ಬಳಸಬೇಕು ಎಂಬುದೂ ತಿಳಿಯುತ್ತದೆ. ಗಾಳಿ ಹಠಾತ್ತನೆ ದಿಕ್ಕು ಬದಲಿಸಿ ಎದುರಿನಿಂದ ಬೀಸಿದಾಗ ಹಾಯಿಗಳು ಹಿಮ್ಮುಖವಾಗಿ ಕೂವೆಮರಕ್ಕೆ ಒತ್ತಿಕೊಳ್ಳುತ್ತಿದ್ದವು. ಓಡುತ್ತಿದ್ದ ಹಡಗು ಗಕ್ಕನೆ ನಿಂತು, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತಿತ್ತು. ಆದ್ದರಿಂದ ಈ ಮಾತು ಬರಿಯ ಆಶ್ಚರ್ಯಕ್ಕೆ ಒಪ್ಪುವುದಿಲ್ಲ. ಹುಟ್ಟುಹಬ್ಬಕ್ಕೆ ಅನಿರೀಕ್ಷಿತ ಉಡುಗೊರೆ ಬಂದರೆ ಯಾರೂ ಹೀಗೆ ಹೇಳುವುದಿಲ್ಲ; ಸಭೆಯಲ್ಲಿ ಮಾತನಾಡುತ್ತಿದ್ದವರಿಗೆ ಎದುರಿನಿಂದ ಒರಟು ಪ್ರಶ್ನೆ ಬಂದು ಮಾತು ನಿಂತುಹೋದಾಗ ಹೇಳುತ್ತಾರೆ.

ಹಗ್ಗದ ಮಾತಿಗೆ ಬಂದರೆ, ಕಂಠಪೂರ್ತಿ ಕುಡಿದವರನ್ನು ಕುರಿತ ‘ತ್ರೀ ಶೀಟ್ಸ್ ಟು ದ ವಿಂಡ್’ ಎಂಬುದು ಓದುಗರನ್ನು ಬಹಳ ದಾರಿ ತಪ್ಪಿಸುತ್ತದೆ. ‘ಶೀಟ್’ ಎಂದೊಡನೆ ಹಾಳೆಯೋ ಹೊದಿಕೆಯೋ ಹಾಯಿಬಟ್ಟೆಯೋ ಎಂದು ಯಾರಿಗಾದರೂ ತೋಚುತ್ತದೆ. ನಾವಿಕರಿಗೆ ಮಾತ್ರ ಅದು ಹಾಯಿಯ ಕೆಳಮೂಲೆಯನ್ನು ಬಿಗಿಹಿಡಿಯುವ ಹಗ್ಗ. ಅಂಥ ಮೂರು ಹಗ್ಗಗಳು ಬಿಚ್ಚಿಕೊಂಡು ಗಾಳಿಗೆ ಹಾರಾಡಿದರೆ ಹಾಯಿ ಪಟಪಟನೆ ಬಡಿದುಕೊಂಡು ಹಡಗು ಅತ್ತಿತ್ತ ತೂರಾಡುತ್ತದೆ. ಹೊಸ ಕೆಲಸದ ಒಳಮರ್ಮ ಕಲಿಯುವುದಕ್ಕೆ ‘ಲರ್ನ್ ದ ರೋಪ್ಸ್’ ಎನ್ನುವುದೂ ಇದೇ ಹಗ್ಗಗಳ ಲೋಕದಿಂದ ಬಂದದ್ದು. ದೊಡ್ಡ ಹಡಗಿನಲ್ಲಿ ನೂರಾರು ಹಗ್ಗಗಳಿದ್ದು, ಯಾವುದನ್ನು ಎಳೆದರೆ ಯಾವ ಹಾಯಿ ಅಲುಗುತ್ತದೆ ಎಂಬುದನ್ನು ಕತ್ತಲಲ್ಲೂ ಬಲ್ಲವನೇ ಪಳಗಿದ ನಾವಿಕ. ‘ಗಿವ್ ಎ ವೈಡ್ ಬರ್ತ್’ ಎಂಬಲ್ಲಿನ ‘ಬರ್ತ್’ ನಮ್ಮ ರೈಲು ಪ್ರಯಾಣಿಕರಿಗೆ ಚಿರಪರಿಚಿತ, ಪದವೂ ಅದೇ. ಮೊದಲು ಅದು ಲಂಗರು ಹಾಕಿದ ಹಡಗು ಸುತ್ತ ತಿರುಗಾಡಲು ಬಿಡಬೇಕಾದ ನೀರಿನ ಜಾಗವಾಗಿತ್ತು. ದೂರದಿಂದಲೇ ಹಾದುಹೋಗು, ಹತ್ತಿರ ಸುಳಿಯಬೇಡ ಎಂಬ ಅರ್ಥ ಅಲ್ಲಿಂದ ಬಂತು. ಒಳ್ಳೆಯ ಗುಣಮಟ್ಟಕ್ಕೆ ಹೇಳುವ ‘ಫಸ್ಟ್ ರೇಟ್’ ಎಂಬುದು ಬ್ರಿಟಿಷ್ ನೌಕಾಪಡೆಯ ದರ್ಜೆ ವಿಂಗಡಣೆ: 100 ಅಥವಾ ಅದಕ್ಕೂ ಹೆಚ್ಚು ಫಿರಂಗಿಗಳನ್ನು ಹೊತ್ತ ಯುದ್ಧನೌಕೆ ಮೊದಲ ದರ್ಜೆಯದು. ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿ ನೋಡಲು ಸಿಗುವ ‘ವಿಕ್ಟರಿ’ ಹಡಗಿನಲ್ಲಿ ಟ್ರಫಾಲ್ಗರ್ ಕದನದ ವೇಳೆಗೆ 104 ಫಿರಂಗಿಗಳಿದ್ದವು.

ಆ ‘ವಿಕ್ಟರಿ’ಯ ದಳಪತಿ ಹೊರೇಷಿಯೋ ನೆಲ್ಸನ್‌ನ ಹೆಸರಿಗೆ ಅಂಟಿಕೊಂಡ ನುಡಿಗಟ್ಟು ‘ಟರ್ನ್ ಎ ಬ್ಲೈಂಡ್ ಐ’. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಳಗದಲ್ಲಿ ನೆಲ್ಸನ್‌ನ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಕದನದ ನಡುವೆ ಮೇಲಧಿಕಾರಿ ಹೈಡ್ ಪಾರ್ಕರ್ ತನ್ನ ಹಡಗಿನಿಂದ ಬಾವುಟ ಹಾರಿಸಿ, ಹೋರಾಟ ನಿಲ್ಲಿಸುವಂತೆ ಸಂಕೇತ ಕೊಟ್ಟ. ನೆಲ್ಸನ್ ದುರ್ಬೀನನ್ನು ಕುರುಡುಗಣ್ಣಿಗೆ ಹಿಡಿದು, ತನಗೆ ಸಂಕೇತವೇನೂ ಕಾಣುತ್ತಿಲ್ಲವೆಂದು ಹೇಳಿ ಕಾದಾಟ ಮುಂದುವರಿಸಿ ಗೆದ್ದ ಎಂಬುದು ಪ್ರಸಿದ್ಧ ಕಥೆ. ಕಥೆಗೆ ಆಮೇಲಿನವರು ಒಂದಿಷ್ಟು ಒಗ್ಗರಣೆ ಹಾಕಿರಬಹುದು, ಆದರೆ ನುಡಿಗಟ್ಟು ಮನೆಮಾತಾದದ್ದು ಅದರಿಂದಲೇ. ಇಲ್ಲಿ ಮುಖ್ಯವಾದದ್ದು ಬೇಕೆಂದೇ ನೋಡದಿರುವುದು. ಕಣ್ತಪ್ಪಿ ಬಿಟ್ಟುಹೋದದ್ದಕ್ಕೆ ಈ ಮಾತು ಸಲ್ಲದು. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತು ‘ಜಾಣಕುರುಡು’. ಅಕ್ರಮ ಗಣಿಗಾರಿಕೆಯ ಸುದ್ದಿಗಳಲ್ಲಿ ಅಧಿಕಾರಿಗಳ ಜಾಣಕುರುಡಿನ ಬಗ್ಗೆ ಓದಿದವರಿಗೆ ಬೇರೆ ವಿವರಣೆ ಬೇಕಿಲ್ಲ.

‘ಶೋ ಒನ್ಸ್ ಟ್ರೂ ಕಲರ್ಸ್’ ಎಂಬುದನ್ನು ನಮ್ಮ ‘ಬಣ್ಣ ಬಯಲಾಗು’ ಎಂಬುದರ ಜೊತೆ ಇಟ್ಟರೆ ಅರ್ಥ ಹೊಂದುತ್ತದೆ, ಚಿತ್ರ ಹೊಂದುವುದಿಲ್ಲ. ನಮಗೆ ನೆನಪಾಗುವುದು ವೇಷಗಾರನ ಮುಖದ ಬಣ್ಣ. ಅಲ್ಲಿ ‘ಕಲರ್ಸ್’ ಎಂದರೆ ಹಡಗಿನ ಬಾವುಟ. ಬೇರೆ ದೇಶದ ಬಾವುಟ ಹಾರಿಸಿ ಶತ್ರುವಿನ ಹತ್ತಿರ ಸುಳಿಯುವುದು ಆಗ ಒಪ್ಪಿತ ತಂತ್ರವೇ ಆಗಿತ್ತು, ಗುಂಡು ಹಾರಿಸುವ ಮುನ್ನ ಮಾತ್ರ ನಿಜವಾದ ಬಾವುಟ ಏರಿಸಬೇಕೆಂಬುದು ನಿಯಮ. ‘ಟು ದ ಬಿಟರ್ ಎಂಡ್’ ಇನ್ನೂ ಸ್ವಾರಸ್ಯದ್ದು. ಲಂಗರಿನ ಹಗ್ಗವನ್ನು ಸುತ್ತುವ ಗಟ್ಟಿ ಕಂಬಗಳಿಗೆ ‘ಬಿಟ್ಸ್’ ಎಂದು ಹೆಸರು. ಹಗ್ಗದ ಒಳತುದಿ, ಅಂದರೆ ಹಡಗಿನೊಳಗೇ ಉಳಿಯುವ ಭಾಗವನ್ನು ಕ್ಯಾಪ್ಟನ್ ಜಾನ್ ಸ್ಮಿತ್ 1627ರ ತನ್ನ ನೌಕಾ ಕೈಪಿಡಿಯಲ್ಲಿ ‘ಬಿಟರ್ಸ್ ಎಂಡ್’ ಎಂದೇ ದಾಖಲಿಸಿದ್ದಾನೆ. ಹಗ್ಗವೆಲ್ಲ ಬಿಟ್ಟುಕೊಟ್ಟು ಆ ತುದಿ ಬಂತೆಂದರೆ ಇನ್ನು ಬಿಡಲು ಏನೂ ಉಳಿದಿಲ್ಲ. ಬೈಬಲಿನ ಜ್ಞಾನೋಕ್ತಿಗಳಲ್ಲಿ ಬರುವ ‘ಅವಳ ಅಂತ್ಯ ಕಹಿ’ ಎಂಬ ಮಾತೂ ಸೇರಿಕೊಂಡು ಹಗ್ಗದ ತುದಿಗೆ ನಾಲಿಗೆಯ ಕಹಿಯೂ ಹತ್ತಿತು. ಅದಕ್ಕೇ ಇಂದು ಈ ಮಾತಿಗೆ ‘ಕೊನೆಯವರೆಗೂ’ ಎಂಬುದರ ಜೊತೆ ‘ಎಷ್ಟೇ ನೋವಾದರೂ’ ಎಂಬ ಛಾಯೆ ಇದೆ.

ಕಡಲಿನಷ್ಟೇ ದೊಡ್ಡ ಇನ್ನೊಂದು ಮೂಲ ಬೈಬಲ್, ಅದರಲ್ಲೂ 1611ರ ಕಿಂಗ್ ಜೇಮ್ಸ್ ಅನುವಾದ. ಇಗರ್ಜಿಗಳಲ್ಲಿ ವಾರವಾರವೂ ಓದಿಸಿಕೊಂಡು ಅದರ ಸಾಲುಗಳು ಭಕ್ತರಲ್ಲದವರ ಬಾಯಲ್ಲೂ ನಿಂತವು. ಗೈಡಿನ ‘ಆ್ಯಪಲ್ ಆಫ್ ಒನ್ಸ್ ಐ’ ಇಲ್ಲಿಯದೇ. ಇದರಲ್ಲಿ ಸೇಬುಹಣ್ಣಿನ ಕೆಲಸವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಣ್ಣಿನ ಪಾಪೆಯನ್ನು ದುಂಡಗಿನ ಗಟ್ಟಿ ವಸ್ತುವೆಂದು ಭಾವಿಸಿ ಆ ಹೆಸರಿನಿಂದ ಕರೆಯುತ್ತಿದ್ದರು. ಮೂಲ ಹೀಬ್ರೂ ಪದಕ್ಕೆ ‘ಪುಟ್ಟ ಮನುಷ್ಯ’ ಎಂಬ ಅರ್ಥ, ಎದುರಿನವರ ಕಣ್ಣಿನಲ್ಲಿ ಕಾಣುವ ನಮ್ಮದೇ ಕಿರುಬಿಂಬ. ‘ಕಣ್ಣಪಾಪೆಯಂತೆ ಕಾಪಾಡು’ ಎನ್ನುವ ಕನ್ನಡಿಗರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾದ ಅಗತ್ಯವೇ ಇರಲಿಲ್ಲ. ‘ಇಲೆವೆಂತ್ ಅವರ್’ ಎಂಬುದು ಬೆಳಗಿನ ಹನ್ನೊಂದು ಗಂಟೆಯೂ ಅಲ್ಲ, ರಾತ್ರಿಯ ಹನ್ನೊಂದೂ ಅಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹನ್ನೆರಡು ತಾಸು ಎಣಿಸುತ್ತಿದ್ದ ಕಾಲದ ಹನ್ನೊಂದನೆಯ ತಾಸು, ಸರಿಸುಮಾರು ಸಂಜೆ ಐದು. ಮತ್ತಾಯನ ಸುವಾರ್ತೆಯ ಸಾಮ್ಯವೊಂದರಲ್ಲಿ ದ್ರಾಕ್ಷಿತೋಟದ ಯಜಮಾನ ಆ ಹೊತ್ತಿಗೆ ಬಂದ ಕೂಲಿಯಾಳುಗಳಿಗೂ ಬೆಳಿಗ್ಗೆ ಬಂದವರಷ್ಟೇ ಕೂಲಿ ಕೊಡುತ್ತಾನೆ.

‘ಸ್ಕೇಪ್‌ಗೋಟ್’ ಎಂಬುದಕ್ಕೆ ನಾವು ‘ಬಲಿಪಶು’ ಎಂದು ಬರೆಯುತ್ತೇವೆ, ಪತ್ರಿಕೆಗಳಲ್ಲಿ ಅದೇ ನಿಂತಿದೆ. ಆದರೆ ಯಾಜಕಕಾಂಡದ 16ನೆಯ ಅಧ್ಯಾಯ ಓದಿದರೆ ಅಲ್ಲಿ ಎರಡು ಹೋತಗಳಿವೆ. ಚೀಟಿ ಹಾಕಿ ಒಂದನ್ನು ಬಲಿ ಕೊಡುತ್ತಾರೆ; ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಆರೋನ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಅದರ ಮೇಲೆ ಹೊರಿಸಿ, ಜೀವಂತವಾಗಿ ಅಡವಿಗೆ ಅಟ್ಟಿಬಿಡುತ್ತಾನೆ. ಆ ಎರಡನೆಯದೇ ‘ಸ್ಕೇಪ್‌ಗೋಟ್’. ವಿಲಿಯಂ ಟಿಂಡೇಲ್ 1530ರ ತನ್ನ ಅನುವಾದದಲ್ಲಿ ಕಟ್ಟಿದ ಪದ ಅದು, ಪಾರಾಗಿ ಹೋಗುವ ಹೋತ ಎಂದು. ಹಾಗಾಗಿ ಇಂಗ್ಲಿಷ್ ಮಾತಿನ ತಿರುಳು ಸಾವಿಗಿಂತ ಹೆಚ್ಚಾಗಿ ಪರರ ತಪ್ಪನ್ನು ಹೊರುವುದರಲ್ಲಿದೆ. ಚುನಾವಣೆಯಲ್ಲಿ ಘಟಾನುಘಟಿಯ ಎದುರು ಸೋಲಲೆಂದೇ ನಿಲ್ಲಿಸಿದ ಅಭ್ಯರ್ಥಿಯನ್ನು ನಾವು ‘ಹರಕೆಯ ಕುರಿ’ ಎನ್ನುತ್ತೇವೆ. ಆತನನ್ನು ‘ಸ್ಕೇಪ್‌ಗೋಟ್’ ಎಂದು ಇಂಗ್ಲಿಷಿಗೆ ತಿರುಗಿಸಿದರೆ ತಪ್ಪಾಗುತ್ತದೆ. ಸೋತ ಮೇಲೆ ಪಕ್ಷದವರೆಲ್ಲ ಸೇರಿ ಸೋಲಿನ ಹೊಣೆಯನ್ನು ಒಬ್ಬ ಜಿಲ್ಲಾಧ್ಯಕ್ಷನ ತಲೆಗೆ ಕಟ್ಟಿದರೆ, ಆಗ ಆ ಪದ ಸರಿಯಾಗಿ ಕೂರುತ್ತದೆ.

ಕೋರ್ಟು, ಕಚೇರಿ, ಸಂತೆಗಳಿಂದ ಬಂದವೂ ಹೇರಳವಾಗಿವೆ. ‘ಹಾಬ್ಸನ್ಸ್ ಚಾಯ್ಸ್’ ಎಂಬುದನ್ನು ಎರಡು ಕಷ್ಟಗಳ ನಡುವಿನ ಆಯ್ಕೆ ಎಂದು ತಿಳಿದವರು ಬಹಳ. 1631ರಲ್ಲಿ ತೀರಿಕೊಂಡ ಥಾಮಸ್ ಹಾಬ್ಸನ್ ಕೇಂಬ್ರಿಜ್‌ನಲ್ಲಿ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದವ. ಒಳ್ಳೆಯ ಕುದುರೆಗಳನ್ನೇ ಎಲ್ಲರೂ ಕೇಳಿ ಅವು ದಣಿಯಬಾರದೆಂದು, ಲಾಯದ ಬಾಗಿಲಿಗೆ ಹತ್ತಿರವಿರುವ ಕುದುರೆಯನ್ನೇ ಒಯ್ಯಬೇಕು, ಇಲ್ಲದಿದ್ದರೆ ನಡೆದು ಹೋಗಬೇಕು ಎಂಬ ನಿಯಮ ಮಾಡಿದ್ದ. ಎಂದರೆ ಆಯ್ಕೆಯಂತೆ ಕಂಡರೂ ಆಯ್ಕೆಯೇ ಇಲ್ಲದ ಸ್ಥಿತಿ ಅದು. ‘ರೀಡ್ ದ ರಯಟ್ ಆ್ಯಕ್ಟ್’ ಎಂದರೆ ಇಂದು ಕಟುವಾಗಿ ಗದರಿಸಿ ಎಚ್ಚರಿಸುವುದು. 1715ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಕಾನೂನೊಂದರ ಪ್ರಕಾರ, ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಗಲಭೆಗೆ ನಿಂತಲ್ಲಿ ಮ್ಯಾಜಿಸ್ಟ್ರೇಟ್ ನಿಗದಿತ ಘೋಷಣೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಒಂದು ತಾಸಿನೊಳಗೆ ಚದುರದಿದ್ದರೆ ಮರಣದಂಡನೆಯವರೆಗೂ ಹೋಗಬಹುದಿತ್ತು. ‘ರೆಡ್ ಟೇಪ್’ ಅಲ್ಲಿನ ಸರ್ಕಾರಿ ಮತ್ತು ನ್ಯಾಯಾಲಯದ ಕಾಗದಪತ್ರಗಳ ಕಟ್ಟಿಗೆ ಸುತ್ತುತ್ತಿದ್ದ ಕೆಂಪು ಪಟ್ಟಿ. ಕನ್ನಡ ಪತ್ರಿಕೆಗಳು ಅದನ್ನು ಹಾಗೆಯೇ ‘ಕೆಂಪುಪಟ್ಟಿ’ ಎಂದು ತಂದುಕೊಂಡವು, ಕಡತದ ಕಚೇರಿ ಕಂಡ ಯಾವ ಓದುಗನೂ ಅರ್ಥ ಕೇಳಲಿಲ್ಲ. ಕ್ರಿಕೆಟ್ಟಿನಿಂದ ಬಂದವನ್ನಂತೂ ನಮ್ಮ ಓದುಗರಿಗೆ ವಿವರಿಸುವುದೇ ಅಧಿಕಪ್ರಸಂಗ.

ನುಡಿಗಟ್ಟಿನ ಹುಟ್ಟಿನ ಕಥೆ ಹೀಗೆ ಅರ್ಥವನ್ನು ಬೆಳಗಿಸುತ್ತದೆಯಾದರೂ, ಕಥೆ ಎಷ್ಟು ಸೊಗಸಾಗಿದ್ದರೆ ಅಷ್ಟೇ ಅನುಮಾನದಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂಬುದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ವಿವರಣೆ ಹೀಗಿದೆ: ಹಿಂದೆ ಇಂಗ್ಲೆಂಡಿನ ಹುಲ್ಲಿನ ಮಾಡಿನೊಳಗೆ ನಾಯಿ ಬೆಕ್ಕುಗಳು ಬೆಚ್ಚಗೆ ಮಲಗುತ್ತಿದ್ದವು, ಜೋರು ಮಳೆ ಬಂದಾಗ ಜಾರಿ ಕೆಳಗೆ ಬೀಳುತ್ತಿದ್ದವು. 1999ರ ಸುಮಾರಿಗೆ ಇ-ಮೇಲ್‌ನಲ್ಲಿ ಹರಡಿದ ಕಟ್ಟುಕಥೆಗಳ ಸರಮಾಲೆಯೊಂದರಲ್ಲಿ ಇದೂ ಸೇರಿತ್ತು. ಹುಲ್ಲುಮಾಡಿನ ಮನೆ ಕಂಡವರು ಯಾರೂ ಇದನ್ನು ನಂಬಲಾರರು. ಮಾಡಿನ ಮೇಲೆ ಮಲಗುವ ನಾಯಿಯನ್ನು ಮಲೆನಾಡಿನಲ್ಲೂ ಯಾರೂ ಕಂಡಿಲ್ಲ. ದಾಖಲೆ ಹೇಳುವುದು ಇಷ್ಟೇ: 17ನೆಯ ಶತಮಾನದ ನಡುವಿನಲ್ಲಿ ರಿಚರ್ಡ್ ಬ್ರೋಮ್ ಎಂಬ ನಾಟಕಕಾರನಲ್ಲಿ ಇದರ ಹಳೆಯ ರೂಪವೊಂದು ಸಿಗುತ್ತದೆ, 1738ರಲ್ಲಿ ಜೊನಾಥನ್ ಸ್ವಿಫ್ಟ್ ಇಂದಿನ ರೂಪವನ್ನೇ ಬಳಸುತ್ತಾನೆ. ಸ್ವಿಫ್ಟ್ ಅದನ್ನು ಬಳಸಿದ್ದು ಶ್ರೀಮಂತರ ಸವಕಲು ಮಾತುಗಳನ್ನು ಗೇಲಿ ಮಾಡುವ ಪುಸ್ತಕದಲ್ಲಿ ಎಂಬುದು ಗಮನಾರ್ಹ. ಅಂದೇ ಸವಕಲಾಗಿದ್ದ ಮಾತನ್ನು ನಮ್ಮ ಗೈಡುಗಳು ಇಂದಿಗೂ ಮೊದಲ ಸಾಲಿನಲ್ಲಿ ಕೂರಿಸುತ್ತವೆ. ಕುಂಭದ್ರೋಣ ಮಳೆ, ಮುಗಿಲು ಹರಿದು ಬಿದ್ದಂಥ ಮಳೆ ಎನ್ನುವ ಭಾಷೆಯವರು ಇದಕ್ಕೆ ಇಷ್ಟು ಮರುಳಾಗಬೇಕಿಲ್ಲ.

‘ರೂಲ್ ಆಫ್ ಥಂಬ್’ ಎಂಬುದರ ಕಥೆ ಇನ್ನೂ ಗಂಭೀರ. ಹೆಬ್ಬೆರಳಿಗಿಂತ ತೆಳುವಾದ ಕೋಲಿನಿಂದ ಹೆಂಡತಿಯನ್ನು ಹೊಡೆಯಲು ಇಂಗ್ಲಿಷ್ ಕಾನೂನು ಗಂಡನಿಗೆ ಅನುಮತಿ ನೀಡಿತ್ತು, ಅದರಿಂದಲೇ ಈ ಮಾತು ಬಂತು ಎಂದು ಹಲವರು ನಂಬಿದ್ದಾರೆ. ಹಾಗೆ ಹೇಳಿದನೆಂಬ ಆರೋಪ ಬಂದದ್ದು ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಮೇಲೆ. 1782ರಲ್ಲಿ ಜೇಮ್ಸ್ ಗಿಲ್ರೇ ಅವನನ್ನು ‘ಹೆಬ್ಬೆರಳು ನ್ಯಾಯಾಧೀಶ’ ಎಂದು ಗೇಲಿ ಮಾಡಿ ವ್ಯಂಗ್ಯಚಿತ್ರ ಬರೆದ. ಆದರೆ ನುಡಿಗಟ್ಟು ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಕಣ್ಣಳತೆ, ಅಂದಾಜು ಲೆಕ್ಕ ಎಂಬ ಅರ್ಥದಲ್ಲಿ ಚಾಲ್ತಿಯಲ್ಲಿತ್ತು. ಗೇಣು, ಮೊಳ, ಬೆರಳಗಲ ಎಂದು ಮೈಯಿಂದಲೇ ಅಳೆಯುವುದು ಯಾವ ದೇಶದ ಬಡಗಿಗೂ ಹೊಸದಲ್ಲ.

ಇಷ್ಟು ಹೊತ್ತು ಹೇಳಿದವು ಬಣ್ಣದ ಮಾತುಗಳು. ಓದುವಾಗ ಎದ್ದು ಕಾಣುವುದರಿಂದ ಅರ್ಥ ತಿಳಿಯದಿದ್ದರೆ ನಿಘಂಟು ತೆರೆಯುತ್ತೇವೆ. ಹೆಚ್ಚು ತೊಂದರೆ ಕೊಡುವುದು ಪ್ರತಿಯೊಂದು ಪದವೂ ಗೊತ್ತಿರುವ ದಿನಬಳಕೆಯ ಸಣ್ಣ ಮಾತುಗಳು, ಏಕೆಂದರೆ ಅಲ್ಲಿ ತಿಳಿದಿಲ್ಲವೆಂಬುದೇ ತಿಳಿಯುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿರಿ ಎಂದು ನೀವು ಇಂಗ್ಲಿಷಿನಲ್ಲಿ ಗೋಳು ಹೇಳಿಕೊಳ್ಳುತ್ತೀರಿ. ಎದುರಿಗಿರುವವರು ‘ಟೆಲ್ ಮಿ ಅಬೌಟ್ ಇಟ್’ ಎನ್ನುತ್ತಾರೆ. ಕೇಳುತ್ತಿದ್ದಾರಲ್ಲ ಎಂದು ನೀವು ಸಿಗ್ನಲ್ಲು, ಫ್ಲೈಓವರು, ಬಸ್ಸು ಎಂದು ಬಿಡಿಸಿ ಹೇಳಲು ತೊಡಗಿದರೆ ಅವರು ಮುಖ ಮುಖ ನೋಡುತ್ತಾರೆ. ಅವರು ಹೇಳಿದ್ದು ‘ಅಯ್ಯೋ, ನನಗೇ ಹೇಳ್ತೀರಾ?’ ಎಂದು. ಅದೇ ರೀತಿ ‘ಯು ಕ್ಯಾನ್ ಸೇ ದ್ಯಾಟ್ ಅಗೇನ್’ ಎಂದರೆ ಇನ್ನೊಮ್ಮೆ ಹೇಳಿ ಎಂಬ ಕೋರಿಕೆ ಅಲ್ಲ, ಸರಿಯಾಗಿ ಹೇಳಿದಿರಿ ಎಂಬ ಒಪ್ಪಿಗೆ. ‘ಐ ಆ್ಯಮ್ ಅಫ್ರೇಡ್’ ಎಂದು ಹೋಟೆಲಿನ ಸ್ವಾಗತಕಾರರು ಆರಂಭಿಸಿದರೆ ಅವರಿಗೆ ಹೆದರಿಕೆಯೇನೂ ಇಲ್ಲ, ಕೋಣೆ ಖಾಲಿ ಇಲ್ಲ ಅಷ್ಟೆ.

‘ಡು ಯು ಮೈಂಡ್ ಇಫ್ ಐ ಓಪನ್ ದ ವಿಂಡೋ’ ಎಂಬ ಪ್ರಶ್ನೆಗೆ ನಮ್ಮವರು ಅಭ್ಯಾಸಬಲದಿಂದ ‘ಯೆಸ್’ ಎಂದುಬಿಡುತ್ತಾರೆ. ‘ಕಿಟಕಿ ತೆಗೀಲಾ?’ ಎಂದರೆ ‘ಹ್ಞೂಂ’ ಎನ್ನುವ ಜಾಡು ಅದು. ಆದರೆ ಪ್ರಶ್ನೆ ಇರುವುದು ‘ನಿಮ್ಮ ಅಭ್ಯಂತರವಿದೆಯೇ’ ಎಂದು. ‘ಯೆಸ್’ ಎಂದರೆ ಅಭ್ಯಂತರವಿದೆ ಎಂದಾಗುತ್ತದೆ. ‘ಹೌ ಡು ಯು ಡು’ ಎಂಬುದಕ್ಕೆ ಮೈಗೆ ಹುಷಾರಿಲ್ಲದ ಸಮಾಚಾರ ಹೇಳುವುದು, ‘ಊಟ ಆಯ್ತಾ?’ ಎಂದು ದಾರಿಯಲ್ಲಿ ಕೇಳಿದವರಿಗೆ ಸಾರು ಪಲ್ಯಗಳ ವಿವರ ಕೊಟ್ಟಂತೆ. ಇಂಥ ಮಾತುಗಳಲ್ಲಿ ಅರ್ಥಕ್ಕಿಂತ ಕೆಲಸ ಮುಖ್ಯ. ‘ಹೋಗಿ ಬರ್ತೀನಿ’ ಎಂದವರು ಮರಳಿ ಬರುವರೆಂದು ಯಾರೂ ಕಾಯುವುದಿಲ್ಲ, ಸಾಲ ಕೇಳಿದಾಗ ‘ನೋಡೋಣ’ ಎಂದವರ ಮನೆಗೆ ಮರುದಿನ ಹೋಗುವವರು ಕಡಿಮೆ. ಬ್ರಿಟಿಷರ ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಬಹುಮಟ್ಟಿಗೆ ನಮ್ಮ ‘ನೋಡೋಣ’ವೇ, ‘ವಿತ್ ರೆಸ್ಪೆಕ್ಟ್’ ಎಂದು ಮಾತು ಆರಂಭವಾದರೆ ಮುಂದೆ ಬರುವುದು ಖಂಡನೆ ಎಂದು ಸಿದ್ಧರಾಗಬೇಕು.

ಒಂದೇ ಇಂಗ್ಲಿಷ್ ಎನ್ನುವುದೂ ಪೂರ್ತಿ ನಿಜವಲ್ಲ. ನಿಮ್ಮ ವರದಿಯನ್ನು ಅಮೆರಿಕದ ಮೇಲಧಿಕಾರಿ ‘ಕ್ವೈಟ್ ಗುಡ್’ ಎಂದರೆ ಸಂತೋಷಪಡಬಹುದು; ಲಂಡನ್ನಿನವರು ಎಂದರೆ ‘ಪರವಾಗಿಲ್ಲ’ ಎಂಬಷ್ಟೇ ಇರಬಹುದು. ಇದರ ಅತಿ ಪ್ರಸಿದ್ಧ ಪ್ರಸಂಗವನ್ನು ವಿನ್ಸ್ಟನ್ ಚರ್ಚಿಲ್ ಎರಡನೆಯ ಮಹಾಯುದ್ಧದ ತನ್ನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಎರಡೂ ದೇಶಗಳ ಸೇನಾಧಿಕಾರಿಗಳು ಸೇರಿದ್ದಾಗ ಬ್ರಿಟಿಷರು ತುರ್ತಾಗಿ ಚರ್ಚೆಯಾಗಲೆಂದು ಒಂದು ಟಿಪ್ಪಣಿಯನ್ನು ‘ಟೇಬಲ್’ ಮಾಡುತ್ತೇವೆ ಎಂದರು. ಅಮೆರಿಕನ್ನರಿಗೆ ‘ಟೇಬಲ್’ ಮಾಡುವುದೆಂದರೆ ಮೂಲೆಗೆ ಹಾಕಿ ಮರೆತುಬಿಡುವುದು. ವಿಷಯ ಮುಖ್ಯ, ಹಾಗೆ ಮಾಡಕೂಡದು ಎಂದು ಅವರು ಪಟ್ಟು ಹಿಡಿದರು. ಇಬ್ಬರ ಬಯಕೆಯೂ ಒಂದೇ ಎಂದು ಗೊತ್ತಾಗುವ ಹೊತ್ತಿಗೆ ದೀರ್ಘವಾದ, ಕಹಿಯಾದ ವಾಗ್ವಾದವೇ ನಡೆದುಹೋಗಿತ್ತು. ನಾವು ಈ ವಿಷಯದಲ್ಲಿ ಬ್ರಿಟಿಷರ ಕಡೆ: ವಿಧಾನಸೌಧದಲ್ಲಿ ಮಸೂದೆ ‘ಟೇಬಲ್’ ಆಯಿತೆಂದರೆ ಮಂಡನೆಯಾಯಿತು ಎಂದೇ ಅರ್ಥ.

ಹೋದದ್ದು ಬಂದದ್ದು ಎರಡೂ ಕಡೆಯಿಂದ ಆಗಿದೆ. ಎದುರಿಗೆ ಬಂದದ್ದನ್ನೆಲ್ಲ ಪುಡಿಗುಟ್ಟಿ ಸಾಗುವ ತಡೆಯಿಲ್ಲದ ಶಕ್ತಿಗೆ ಇಂಗ್ಲಿಷಿನಲ್ಲಿ ‘ಜ್ಯಾಗರ್ನಾಟ್’ ಎನ್ನುತ್ತಾರೆ. ಅದು ಪುರಿಯ ಜಗನ್ನಾಥ, ರಥದ ಗಾಲಿಗಳ ಕೆಳಗೆ ಭಕ್ತರು ಬಿದ್ದು ಪ್ರಾಣ ಬಿಡುತ್ತಾರೆಂದು ಯುರೋಪಿನ ಪ್ರವಾಸಿಗರು ಬರೆದ ರೋಚಕ ವರ್ಣನೆಗಳಿಂದ ಹುಟ್ಟಿದ ಅರ್ಥ. ಬ್ರಿಟನ್ನಿನ ರಸ್ತೆಗಳಲ್ಲಿ ಭಾರೀ ಲಾರಿಗೂ ಇದೇ ಹೆಸರು. ತಲೆಕೆಟ್ಟವರಿಗೆ ‘ಡುಲ್ಯಾಲಿ’ ಎನ್ನುವುದು ನಾಸಿಕದ ಬಳಿಯ ದೇವಳಾಲಿಯಿಂದ. ಊರಿಗೆ ಮರಳಲು ಹಡಗಿಗಾಗಿ ಅಲ್ಲಿನ ಸೇನಾ ಶಿಬಿರದಲ್ಲಿ ಕಾದು ಕಾದು ಬೇಸತ್ತ ಬ್ರಿಟಿಷ್ ಸಿಪಾಯಿಗಳು ‘ಡುಲ್ಯಾಲಿ ಟ್ಯಾಪ್’ ಎಂದು ಆ ಸ್ಥಿತಿಗೆ ಹೆಸರಿಟ್ಟರು, ‘ಟ್ಯಾಪ್’ ಎಂಬುದು ಜ್ವರದ ತಾಪ. ‘ಹ್ಯಾವ್ ಎ ಡೆಕ್ಕೊ’ ಎಂದರೆ ಒಮ್ಮೆ ನೋಡು. ಹಿಂದಿಯ ‘ದೇಖೋ’ ಅಲ್ಲಿ ಇಣುಕುತ್ತದೆ.

ಇತ್ತ ನಾವು ಕಾಪಾಡಿಕೊಂಡಿರುವ ಕೆಲವು ಮಾತುಗಳನ್ನು ಅವರು ಎಂದೋ ಕೈಬಿಟ್ಟಿದ್ದಾರೆ. 19ನೆಯ ಶತಮಾನದ ಬ್ರಿಟಿಷ್ ಪತ್ರವ್ಯವಹಾರದಲ್ಲಿ ‘ಡು ದ ನೀಡ್‌ಫುಲ್’ ಸಹಜವಾಗಿತ್ತು. ಅಲ್ಲಿ ಅದು ಕಣ್ಮರೆಯಾಯಿತು, ನಮ್ಮ ತಹಶೀಲ್ದಾರ್ ಕಚೇರಿಯ ಅರ್ಜಿಯಿಂದ ಸಾಫ್ಟ್‌ವೇರ್ ಕಂಪನಿಯ ಇ-ಮೇಲ್‌ವರೆಗೆ ಉಳಿಯಿತು. ಊರಲ್ಲಿಲ್ಲ ಎನ್ನಲು ಹೇಳುವ ‘ಔಟ್ ಆಫ್ ಸ್ಟೇಷನ್’ ಎಂಬಲ್ಲಿ ಸ್ಟೇಷನ್ ಎಂದರೆ ರೈಲು ನಿಲ್ದಾಣವೂ ಅಲ್ಲ, ಪೊಲೀಸ್ ಠಾಣೆಯೂ ಅಲ್ಲ, ಕಂಪನಿ ಸರ್ಕಾರದ ಅಧಿಕಾರಿಗೆ ನಿಗದಿಯಾದ ನೆಲೆ. ‘ಪಾಸ್ಡ್ ಔಟ್ ಇನ್ 2015’ ಎಂದು ಸ್ವವಿವರದಲ್ಲಿ ಬರೆದರೆ ಆ ವರ್ಷ ಡಿಗ್ರಿ ಮುಗಿಸಿದೆ ಎಂದು ನಾವು ಓದುತ್ತೇವೆ, ನ್ಯೂಯಾರ್ಕಿನವರು ಆ ವರ್ಷ ಮೂರ್ಛೆ ಹೋದೆ ಎಂದು ಓದುತ್ತಾರೆ. ಇವುಗಳನ್ನು ತಪ್ಪು ಇಂಗ್ಲಿಷ್ ಎಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಓದುಗರಿಗೆ ಇಲ್ಲಿ ಬರೆಯುವಾಗ ಇವು ಸಲೀಸಾದ ಮಾತುಗಳೇ. ಹೊರಗಿನವರಿಗೆ ಬರೆಯುವಾಗ ಮಾತ್ರ ‘ಡು ದ ನೀಡ್‌ಫುಲ್’ ಇರುವ ಜಾಗದಲ್ಲಿ ಏನು ಆಗಬೇಕೋ ಅದನ್ನೇ, ಸಹಿಯೋ ಹಣವೋ ಅನುಮತಿಯೋ, ಯಾವ ದಿನದೊಳಗೆ ಎಂಬುದರ ಸಮೇತ ಬರೆಯುವುದು ಮೇಲು. ‘ಅಗತ್ಯ ಕ್ರಮ ಕೈಗೊಳ್ಳಿ’ ಎಂದು ಷರಾ ಬರೆದು ಕಡತ ಮುಂದಕ್ಕೆ ತಳ್ಳುವ ನಮ್ಮ ಕಚೇರಿಗಳಲ್ಲಿ ಅದು ಕನ್ನಡದಲ್ಲೂ ಆಗಬೇಕಾದ ಕೆಲಸವೇ.